ಗೆಜ್ಜೆವಸ್ತ್ರಕ್ಕೆ ಒಂದು ಟೇಬಲ್ಲು

ಅಥವಾ ಅದು ಡೊಂಬಿವಲಿಯ ಸಭಾಗೃಹವೇ ಅಲ್ಲದಿರಬಹುದು. ಹಸಿರು ಬಟ್ಟೆ ಹಾಸಿದ ಟೇಬಲ್ಲಿನ ಹಿಂದೆ ಅಕ್ಕ ಕೈಕಟ್ಟಿ ನಿಂತಿದ್ದಳು ಎಂದು ಇಷ್ಟು ದಿನ ನಂಬಿಕೊಂಡು ಬಂದಿದ್ದೇನೆ. ಆದರೆ ಹಸಿರು ಬಟ್ಟೆ ಇದ್ದದ್ದು ಖಾರ್‌ಘರದಲ್ಲಿ, ಒಂದು ಹೌಸಿಂಗ್ ಸೊಸೈಟಿಯ ಅಂಗಳದ ಶನಿವಾರದ ಮೇಳದಲ್ಲಿ. ಡೊಂಬಿವಲಿಯಲ್ಲಿ ಬಟ್ಟೆ ನಾವೇ ತರಬೇಕಿತ್ತು. ತಂದಿರಲಿಲ್ಲ. ಅಕ್ಕ ತನ್ನ ಬಿಳಿ ಟವೆಲನ್ನೇ ಹಾಸಿದ್ದಳು, ಅಥವಾ ಪಕ್ಕದ ಟೇಬಲ್ಲಿನವರು ಏನಾದರೂ ಕೊಟ್ಟಿದ್ದರು. ಎರಡು ಊರುಗಳು ನನ್ನ ತಲೆಯಲ್ಲಿ ಒಂದೇ ಟೇಬಲ್ಲಾಗಿವೆ. ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ, ಅದು ಹೆಚ್ಚಿಲ್ಲ.

ಹೋಳಿ ಕಳೆದ ವಾರ ಅಕ್ಕ ಒಂದೇ ಚೀಲ ಹಿಡಿದುಕೊಂಡು ಮುಂಬಯಿಯ ಆಚೆಯ ದಿವಾದ ನನ್ನ ಒಂದು ಕೋಣೆಯ ಮನೆಗೆ ಬಂದಳು. ಭಾವ ಕೈಮಾಡುತ್ತಿದ್ದ. ಅದು ಹೊಸತಲ್ಲ. ಆ ಸಲ ಏಟು ಕಿವಿಯ ಮೇಲೆ ಬಿದ್ದಿತ್ತು. ಅಪ್ಪ ಅಮ್ಮ ಇಲ್ಲದ ನಮಗೆ ಹಿರಿಯರೆಂದರೆ ಥಾಣೆಯಲ್ಲಿ ಹೋಟೆಲು ನಡೆಸುವ ಸೋದರಮಾವ. ಅವರು ಊರಿಗೆ ಫೋನು ಮಾಡಿ ಭಾವನ ಹತ್ತಿರ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದು ಹೇಳಿದರು.

"ಚೌತಿಯವರೆಗೆ ನೋಡುವ. ಅಷ್ಟರಲ್ಲಿ ಅವಳಿಗೆ ಅವಳದ್ದೇ ಅಂತ ಒಂದು ದಾರಿ ಆಯ್ತಾ, ಸರಿ, ನಾನೇ ಅವನಿಗೆ ಬರ್ಬೇಡ ಅಂತೇನೆ. ಇಲ್ಲಾಂದ್ರೆ ಅವ ಬಂದು ಕರ್ಕೊಂಡು ಹೋಗ್ಲಿ. ನಿನ್ನ ಒಬ್ಬಳ ಸಂಬಳದಲ್ಲಿ ಎಷ್ಟು ಸಮಯ ಅಂತ, ಮಗಾ?"

ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಕ್ಕನಿಗೆ ಬರುತ್ತಿದ್ದ ಕೆಲಸವೆಂದರೆ ದೇವರಿಗೆ ಏರಿಸುವ ಗೆಜ್ಜೆವಸ್ತ್ರದ ಮಾಲೆ ಮಾಡುವುದು. ಬೀಜ ತೆಗೆದ ಹತ್ತಿಯನ್ನು ಎಳೆದು, ಬೆರಳಿಗೆ ಹಾಲು ಮುಟ್ಟಿಸಿಕೊಂಡು, ಮಣಿಯ ಪಕ್ಕ ಮಣಿ ಬರುವ ಹಾಗೆ ಹೊಸೆದು, ನಡುನಡುವೆ ಕುಂಕುಮ ಇಡುತ್ತಿದ್ದಳು. ನೂಲಿಲ್ಲ, ಸೂಜಿಯಿಲ್ಲ. ಮಿಂದು, ಬೇರೆಯಾಗಿ ಒಣಗಿಸಿದ ಸೀರೆ ಉಟ್ಟು, ಒದ್ದೆ ಕೂದಲು ಗಂಟು ಹಾಕಿಕೊಂಡು ಕೂತರೆ ಏಳುವವರೆಗೆ ನಾನು ಅವಳ ಸೀರೆಯ ಸೆರಗನ್ನೂ ತಾಗುವಂತಿರಲಿಲ್ಲ. ಒಂದು ಕೋಣೆಯ ಮನೆಯಲ್ಲಿ ಇದು ಹೇಗೆ ಸಾಧ್ಯವಾಯಿತೋ. ನಾನು ಗೋಡೆಗೆ ಒತ್ತಿಕೊಂಡು ಆಫೀಸಿಗೆ ತಯಾರಾಗುತ್ತಿದ್ದೆ.

ಮಾರುವ ಜಾಗ ಹುಡುಕುವುದು ನನ್ನ ಪಾಲಿನ ಕೆಲಸ. ಕಲ್ಯಾಣದ ಮಹಿಳಾ ಮೇಳದಲ್ಲಿ ಬಚತ್ ಗಟ್, ಅಂದರೆ ಉಳಿತಾಯದ ಸಂಘ, ಇದ್ದವರಿಗೆ ಮಾತ್ರ ಟೇಬಲ್ಲು. ಹತ್ತು ಹೆಂಗಸರ ಸಹಿ ಇರುವ ಪುಸ್ತಕ ಬೇಕು. ಥಾಣೆಯ ಪ್ರದರ್ಶನದವರು ಬ್ರ್ಯಾಂಡಿನ ಹೆಸರೂ ಹತ್ತು ಫೋಟೋಗಳೂ ಬೇಕೆಂದರು. ಫೋಟೋದಲ್ಲಿ ಬಿಳಿಯ ಮೇಲೆ ಬಿಳಿ, ಏನೂ ಕಾಣುತ್ತಿರಲಿಲ್ಲ. ವಾಶಿಯ ಆಫೀಸಿನಲ್ಲಿ ಊಟದ ಬಿಡುವಿನ ತುಂಬ ವಾಟ್ಸಾಪ್ ಗುಂಪುಗಳಿಗೆ ಸೇರುತ್ತಿದ್ದೆ, ಬಿಡುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಖಾರ್‌ಘರ. ಒಂದು ಬದಿಗೆ ಪರಿಮಳದ ಮೇಣದಬತ್ತಿ, ಇನ್ನೊಂದು ಬದಿಗೆ ಗಾಜಿನಂಥ ಬಳೆ, ನಡುವೆ ನಾವು.

ಅಲ್ಲಿ ಏನಾಯಿತೆಂದರೆ, ಅಕ್ಕ ಯಾರಿಗೂ ಮುಟ್ಟಲು ಬಿಡಲಿಲ್ಲ. ಮೇಳಕ್ಕೆ ಬರುವವರು ಎತ್ತಿ ನೋಡುತ್ತಾರೆ, ಮೂಸುತ್ತಾರೆ, ವಾಪಸು ಇಡುತ್ತಾರೆ. ಕೈ ಮುಂದೆ ಬಂದ ಕೂಡಲೇ ಅಕ್ಕ ತಟ್ಟೆಯನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಒಬ್ಬಳು ಒಂದು ಮಾಲೆ ತೆಗೆದು ಕುತ್ತಿಗೆಗೆ ಹಾಕಿಕೊಂಡು ಸೆಲ್ಫಿ ತೆಗೆದಳು. ಅಕ್ಕ ಅದನ್ನು ವಾಪಸು ತೆಗೆದುಕೊಂಡು ಚೀಲದ ತಳಕ್ಕೆ ಹಾಕಿದಳು, ಅದು ಇನ್ನು ಯಾರಿಗೂ ಇಲ್ಲ ಎಂಬಂತೆ. ಸಂಜೆಯ ಹೊತ್ತಿಗೆ ಮಾರಾಟವಾದದ್ದಕ್ಕಿಂತ ಚೀಲದ ತಳಕ್ಕೆ ಹೋದದ್ದೇ ಜಾಸ್ತಿ.

ವಾಪಸು ಬರುವಾಗ ನಾನು ರೇಗಿದೆ. ಮುಟ್ಟದೆ ಯಾರು ತಗೊಳ್ತಾರೆ, ಇದೇನು ದೇವರ ಕೋಣೆಯಾ ಎಂದು ಕೇಳಿದೆ.

"ಕುತ್ತಿಗೆಗೆ ಹಾಕ್ಲಿಕ್ಕೆ ಮಾಡಿದ್ದಲ್ಲ ಅದು," ಎಂದಳು. "ನಿಂಗೆ ಬೇಕಾದ್ರೆ ನೀನು ಹಾಕ್ಕೊಂಡು ಆಫೀಸಿಗೆ ಹೋಗು. ಚಂದ ಕಾಣ್ತಿ."

ನಾನು ನಕ್ಕೆ. ಇದನ್ನು ಬರೆಯುವಾಗ ಅನುಮಾನ ಬರುತ್ತಿದೆ: ನಕ್ಕದ್ದು ಆಗಲೋ, ಈಗಲೋ?

ಡೊಂಬಿವಲಿ ಅದಾದ ಮೇಲಿನದ್ದು. ಶ್ರಾವಣದ ಮಳೆ. ನಮ್ಮ ಸಾಲುಮನೆಯ ಚಾಳಿನಲ್ಲಿ ಹಪ್ಪಳ ಮಾಡುವ ಮರಾಠಿ ಕಾಕಿಯೊಬ್ಬರು ತಮ್ಮ ಬಚತ್ ಗಟ್ಟಿನ ಟೇಬಲ್ಲಿನಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟಿದ್ದರು. ಅಕ್ಕ ಅಲ್ಲಿಯೂ ಅದೇ ಮಾಡಿದಳು. ಅಂಗಡಿ ಇಟ್ಟಿದ್ದೀಯೋ ಮ್ಯೂಸಿಯಮ್ಮೋ ಎಂದು ಕಾಕಿ ಅವಳನ್ನು ಮರಾಠಿಯಲ್ಲಿ ಕಾಡುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬರು ಬಂದು ಮಾಲೆಗೆ ಕೈ ಹಾಕಿದರು, ಅಕ್ಕ ತಟ್ಟೆ ಎಳೆದುಕೊಂಡಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಸಿಟ್ಟಾಗದೆ, ಯಾಕೆಂದು ಕೇಳಿದರು. ನಾನು ಹರಕು ಮರಾಠಿಯಲ್ಲಿ ಮಡಿಯ ವಿಷಯ ಹೇಳಿದೆ.

"ಹೇಚ್ ಪಾಹಿಜೆ ಮಲಾ," ಎಂದರು ಅವರು. ನನಗೆ ಬೇಕಾದದ್ದು ಇದೇ.

ಅವರದ್ದು ಕಲ್ಯಾಣದ ಪೇಟೆಯಲ್ಲಿ ಪೂಜಾ ಸಾಮಾನಿನ ಅಂಗಡಿ. ಯಂತ್ರದ ಮಾಲೆ ಎಲ್ಲ ಕಡೆ ಸಿಗುತ್ತದೆ, ಮಡಿಯಲ್ಲಿ ಮಾಡಿದ್ದು ಕೇಳಿಕೊಂಡು ಬರುವ ಗಿರಾಕಿಗಳಿದ್ದಾರೆ, ಅವರಿಗೆ ಸುಳ್ಳು ಹೇಳಿ ಕೊಡಲು ತನಗೆ ಮನಸ್ಸು ಬರುವುದಿಲ್ಲ ಎಂದರು. ಚೌತಿಗೆ ವಾರ ಇರುವಾಗ ಮುನ್ನೂರು ಮಾಲೆ ಬೇಕು. ಸರಿಯಾಗಿದ್ದರೆ ಹಬ್ಬ ಹಬ್ಬಕ್ಕೂ, ವರ್ಷವಿಡೀ. ಅಕ್ಕ ನನ್ನ ಮುಖ ನೋಡಿದಳು. ಮಾವ ಹೇಳಿದ ದಾರಿ ಎಂಬುದು ಇಷ್ಟೇ ಇರಬಹುದೆಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಒಟ್ಟಿಗೆ ಎಂದು ನಾನು ಬರೆಯುತ್ತಿದ್ದೇನೆ. ಅವಳಿಗೆ ಏನು ಹೊಳೆಯಿತೆಂದು ನಾನು ಹೇಗೆ ಹೇಳಲಿ.

ಮಳೆಗಾಲದಲ್ಲಿ ದಿವಾದ ಗೋಡೆಗಳು ಬೆವರುತ್ತವೆ. ಹತ್ತಿ ತೇವ ಹೀರಿ ಮಣಿಗಳು ಕುಸಿಯುತ್ತಿದ್ದವು. ಅಕ್ಕ ಇಸ್ತ್ರಿಪೆಟ್ಟಿಗೆ ಬಿಸಿಮಾಡಿ ಹತ್ತಿರ ಇಟ್ಟುಕೊಂಡು ಹೊಸೆಯುತ್ತಿದ್ದಳು. ಆದರೂ ದಿನಕ್ಕೆ ಇಪ್ಪತ್ತೈದು ಆಗುತ್ತಿತ್ತು, ಲೆಕ್ಕ ಕೂಡುತ್ತಿತ್ತು. ಇನ್ನು ಐದು ದಿನ, ಸುಮಾರು ತೊಂಬತ್ತು ಮಾಲೆ ಬಾಕಿ ಎನ್ನುವಾಗ ಅವಳು ಪ್ರತಿ ತಿಂಗಳಿನಂತೆ ಹೊರಗೆ ಕೂತಳು. ಬಾಗಿಲ ಬಳಿ ಚಾಪೆ ಹಾಕಿಕೊಂಡು, ಹತ್ತಿಗೆ ಬೆನ್ನು ಮಾಡಿ. ನಾಲ್ಕು ದಿನ ಮುಟ್ಟುವಂತಿಲ್ಲ. ಈ ದಿನಗಳನ್ನು ನಾವಿಬ್ಬರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಂಗಸರಾಗಿ ಇದನ್ನು ಮರೆತೆವೆಂದರೆ ಯಾರೂ ನಂಬುವುದಿಲ್ಲ. ನಮ್ಮ ಕಣ್ಣ ಮುಂದೆ ಚೌತಿ ಬಿಟ್ಟರೆ ಬೇರೆ ಯಾವ ತಾರೀಕೂ ಇರಲಿಲ್ಲ.

"ಆ ಅಂಗಡಿಯವರಿಗೆ ಫೋನ್ ಮಾಡು. ನಾಲ್ಕು ದಿನ ಹೆಚ್ಚು ಕೇಳು," ಎಂದಳು ಅಕ್ಕ.

ಕೇಳಿದೆ, ಆಗುವುದಿಲ್ಲವಂತೆ ಎಂದು ಹೇಳಿದೆ. ನಾನು ಕೇಳಿದೆನೇ? ಫೋನು ರಿಂಗಾಗಿ ನಿಂತುಹೋದದ್ದು ನೆನಪಿದೆ. ಆ ಫೋನು ಅವರಿಗೆ ಮಾಡಿದ್ದೋ, ರಜೆ ಕೇಳಲು ಆಫೀಸಿಗೆ ಮಾಡಿದ್ದೋ ತಿಳಿಯದು. ಬಹುಶಃ ಕೇಳಲಿಲ್ಲ. ಕೇಳಿದರೆ ಬೇಡವೇ ಬೇಡ ಎಂದುಬಿಟ್ಟಾರು ಎಂಬ ಹೆದರಿಕೆ ಮಾತ್ರ ನಿಜವಾದದ್ದು.

ಮರುದಿನದಿಂದ ಹತ್ತಿಯನ್ನು ಆಫೀಸಿನ ಚೀಲದಲ್ಲಿ ಹಾಕಿಕೊಂಡು ಹೋದೆ. ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ರೈಲಿನಲ್ಲಿ ನನಗೆ ಕೂರಲು ಜಾಗ ಸಿಗುತ್ತಿತ್ತು. ಲೇಡೀಸ್ ಡಬ್ಬಿಯಲ್ಲಿ ತೊಡೆಯ ಮೇಲೆ ಕರ್ಚೀಫು ಹಾಸಿ ಹೊಸೆದೆ. ಹಾಲಿನ ಬದಲು ಬಾಟಲಿಯ ನೀರು. ನನ್ನ ಮಣಿಗಳು ಒಂದು ಕಡಲೆಯಷ್ಟು, ಒಂದು ಸಾಸಿವೆಯಷ್ಟು. ದಿನಾ ಜೊತೆಗೆ ಬರುವ ಹೆಂಗಸರು ಏನೆಂದು ಕೇಳಿದರು, ಹೇಳಿದೆ. ಎರಡನೆಯ ದಿನ ನಾಲ್ಕು ಜನ ಹೊಸೆಯುತ್ತಿದ್ದರು. ಅವರಲ್ಲಿ ಮುಂಬ್ರಾದಿಂದ ಬರುವವಳೊಬ್ಬಳು ಬುರ್ಖಾದ ತೋಳು ಮೇಲಕ್ಕೆ ಸರಿಸಿಕೊಂಡು ಹೊಸೆದ ಮಣಿಗಳು ಮಾತ್ರ ಅಕ್ಕನವಕ್ಕೆ ಹತ್ತಿರ ಬಂದವು. ಮನೆಯಲ್ಲಿ ಜರಿಕೆಲಸ ಮಾಡುತ್ತಿದ್ದಳಂತೆ. ಇದು ಯಾರಿಗೆ ಎಂದು ಕೇಳಿದಾಗ ಗಣಪತಿಗೆ ಎಂದೆ. "ತೋ ಬರಾಬರ್ ಬನಾನಾ ಪಡೇಗಾ," ಹಾಗಾದರೆ ಸರಿಯಾಗಿಯೇ ಮಾಡಬೇಕು ಎಂದು ಹೇಳಿ, ನಾನು ಮಾಡಿದ್ದೊಂದನ್ನು ಬಿಚ್ಚಿ ಮತ್ತೆ ಹೊಸೆದಳು.

ಈ ಡಬ್ಬಿಯ ದೃಶ್ಯ ತುಂಬ ಚಂದ ಇದೆ, ಅದಕ್ಕೇ ನನಗೆ ಇದರ ಮೇಲೆ ನಂಬಿಕೆಯಿಲ್ಲ. ಒಬ್ಬಳು ಹತ್ತಿಯ ಕಸ ಸೀಟಿನ ಮೇಲೆ ಬಿತ್ತೆಂದು ಜಗಳವಾಡಿದ್ದಳು, ಇಬ್ಬರು ನನ್ನನ್ನು ಹುಚ್ಚಿ ಎಂಬಂತೆ ನೋಡಿದ್ದರು. ಅವನ್ನೂ ಇಲ್ಲಿ ಸೇರಿಸಬೇಕು.

ಐದನೆಯ ದಿನ ಅಕ್ಕ ಮಿಂದು ಬಂದು ಮಾಲೆಗಳ ಡಬ್ಬ ತೆರೆದಳು. ತೊಂಬತ್ತರ ಹತ್ತಿರ ಮಾಲೆ ಹೆಚ್ಚಾಗಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಎತ್ತಿದಳು.

"ಇದು ಯಾರ ಕೈ?"

"ನಂದೇ. ಮಿಂದೇ ಮಾಡಿದ್ದು."

"ಇದು?"

ಅವಳ ಬೆರಳಲ್ಲಿದ್ದದ್ದು ಮುಂಬ್ರಾದವಳು ಮಾಡಿದ್ದು. ಅದೂ ನನ್ನದೇ ಎಂದೆ.

"ನಿಂಗೆ ಇಷ್ಟು ಚಂದ ಬರುದಿಲ್ಲ, ಮಾರಾಯ್ತಿ," ಎಂದಳು ಅಕ್ಕ. ಬೈಯಲಿಲ್ಲ. ಮಾಲೆಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಬೇರೆ ಬೇರೆ ಕಟ್ಟಿದಳೋ ಎಲ್ಲವನ್ನೂ ಒಟ್ಟಿಗೆ ಕಟ್ಟಿದಳೋ ನಾನು ನೋಡಲಿಲ್ಲ. ನೋಡಬಾರದೆಂದೇ ಒಲೆಯ ಕಡೆ ತಿರುಗಿದ್ದೆ.

ಅವತ್ತೇ ಕಲ್ಯಾಣಕ್ಕೆ ಹೋದೆವು. ಅಂಗಡಿಯ ಮುಂದೆ ಹಬ್ಬದ ಜನ ಕಿಕ್ಕಿರಿದಿದ್ದರು. ನೀನು ಇಲ್ಲೇ ನಿಲ್ಲು ಎಂದು ಅಕ್ಕ ನನ್ನನ್ನು ಎದುರಿನ ಬಳೆ ಅಂಗಡಿಯ ಮಾಡಿನ ಕೆಳಗೆ ನಿಲ್ಲಿಸಿ ಒಬ್ಬಳೇ ಒಳಗೆ ಹೋದಳು. ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಜನರ ತಲೆಗಳ ನಡುವೆ ಅವಳ ಕೈ ಆಡುವುದು ಕಾಣುತ್ತಿತ್ತು, ಅಂಗಡಿಯವರು ತಲೆ ಆಡಿಸುವುದು ಕಾಣುತ್ತಿತ್ತು. ಹೌದೆಂದು ಆಡಿಸಿದ್ದೋ ಅಲ್ಲವೆಂದೋ. ಸುಮಾರು ಕಾಲು ಗಂಟೆಯ ಮೇಲೆ ಚೀಲ ತುಂಬಿದ್ದ ಹಾಗೆಯೇ ಹೊರಗೆ ಬಂದಳು.

"ಬೇಡವಂತೆ," ಎಂದಳು.

ನಾನೇ ಹೋಗಿ ಮಾತಾಡುತ್ತೇನೆ ಎಂದು ಹೊರಟೆ. ಅಕ್ಕ ನನ್ನ ರಟ್ಟೆ ಹಿಡಿದಳು. ಆ ಮಡಿ ಸೀರೆಯಲ್ಲಿದ್ದಾಗ ಅವಳು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಬೇಡ, ಮನೆಗೆ ಹೋಗುವ ಎಂದಳು.

ಚೌತಿಯ ಮರುದಿನ ಮಾವ ಭಾವನನ್ನು ಕರೆದುಕೊಂಡು ಬಂದರು. ಭಾವ ಬಾಗಿಲಲ್ಲಿ ನಿಂತು ನನ್ನ ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸಿದ. ಇನ್ನೊಂದು ತಿಂಗಳು ಕೊಡಿ, ನವರಾತ್ರಿಗೆ ಬೇರೆ ಮೇಳ ಇದೆ ಎಂದು ನಾನು ಮಾವನ ಮುಂದೆ ಅತ್ತೆ. ಅಕ್ಕ ಆಗಲೇ ಚೀಲ ಕಟ್ಟಿ ಮುಗಿಸಿದ್ದಳು.

ಮೂರು ಸಾಧ್ಯತೆಗಳನ್ನು ಬೇರೆ ಬೇರೆ ದಿನ ನಂಬಿದ್ದೇನೆ. ಅವಳು ಇವು ಮಡಿಯಲ್ಲ ಎಂದು ತಾನಾಗಿ ಹೇಳಿದಳು. ಅವಳು ಏನೂ ಹೇಳಲಿಲ್ಲ, ಅಂಗಡಿಯವರೇ ನನ್ನ ಸೊಟ್ಟ ಮಣಿಗಳನ್ನು ನೋಡಿ ಬೇಡವೆಂದರು. ಅಥವಾ ಅವರು ಬೇಕೆಂದೇ ಹೇಳಿದ್ದರು, ಅವಳೇ ಕೊಡಲಿಲ್ಲ. ಮೂರರಲ್ಲಿ ಯಾವುದೇ ಆಗಿದ್ದರೂ, ಅವಳನ್ನು ಆ ಮನೆಗೆ ವಾಪಸು ಕಳುಹಿಸಿದ್ದು ನನ್ನ ಕೈ ಎಂಬುದು ಬದಲಾಗುವುದಿಲ್ಲ. ಬದಲಾಗಬಹುದು ಎಂದೂ ಕೆಲವು ದಿನ ಅನಿಸುತ್ತದೆ.

ಕಲ್ಯಾಣದ ಆ ಅಂಗಡಿ ಈಗಲೂ ಇದೆ. ನಾನು ಹೋಗಿ ಕೇಳಿಲ್ಲ. ಅಕ್ಕನನ್ನೂ ಕೇಳಿಲ್ಲ. ಆ ಕಾಲು ಗಂಟೆಯಲ್ಲಿ ಒಳಗೆ ಏನು ಮಾತಾಯಿತು ಎಂಬುದು ನನಗೆ ಗೊತ್ತಿಲ್ಲ.