ಗುಳ್ಳೆಯಿಲ್ಲದ ಬಾಟಲಿ

ಇವತ್ತು ಬೆಳಿಗ್ಗೆ ನವಿ ಮುಂಬಯಿಯ ನೆರೂಳ ಸ್ಟೇಷನ್ನಿಗೆ ಹೊರಡುವ ಮುನ್ನ ನೀರಿನ ಬಾಟಲಿಗೆ ಮುಚ್ಚಳ ತಿರುಗಿಸುತ್ತಿದ್ದೆ. ಕುತ್ತಿಗೆಯ ಬಳಿ ಒಂದು ಗಾಳಿಗುಳ್ಳೆ ಉಳಿಯಿತು. ಕುಡಿಯುವ ನೀರಿಗೆ ಗುಳ್ಳೆಯಿದ್ದರೇನು, ಹೇಳಿ? ಆದರೂ ವಾಲಿಸಿ, ಬೆರಳಿನಿಂದ ತಟ್ಟಿ ಹೊರಗೆ ಕಳಿಸಿದೆ. ಓದುವ ದಿನಗಳ ಅಭ್ಯಾಸ.

ಎಂ.ಎಸ್ಸಿ.ಯಲ್ಲಿ ನಾನು, ವನಜಾ ಪ್ರಾಜೆಕ್ಟಿನ ಜೋಡಿ. ಅವಳಪ್ಪನದು ಇಲ್ಲೇ ಉಡುಪಿ ಹೋಟೆಲು. ನಮ್ಮ ಮನೆಯವರು ಧಾರವಾಡದ ಕಡೆಯವರು. ನಮ್ಮ ಅಧ್ಯಯನ ಕೊಪೆಪಾಡುಗಳದು: ಖಾಡಿಯಲ್ಲಿ, ಅಂದರೆ ಊರೊಳಗೆ ನುಗ್ಗಿದ ಕಡಲ ಹಿನ್ನೀರಿನಲ್ಲಿ ಈಜುವ, ರವೆಯ ಕಾಳಿನಷ್ಟೂ ಇಲ್ಲದ, ಸಿಗಡಿಯ ದೂರದ ನೆಂಟರು. ಹಿಡಿದ ತಕ್ಷಣ ಪಾಚಿಕಣಗಳಿರುವ ನೀರಿನೊಂದಿಗೆ ಬಾಟಲಿಗೆ ಹಾಕಿ, ಮರುದಿನ ಎಷ್ಟು ಮೇಯ್ದವೆಂದು ಎಣಿಸುವುದು ಕೆಲಸ. ಪುಟ್ಟ ಕಾಲುಗಳಿಂದ ನೀರನ್ನು ತಮ್ಮತ್ತ ಬೀಸಿಕೊಂಡು, ಕಣವನ್ನು ಹಿಡಿದು, ರುಚಿ ನೋಡಿ, ಬೇಡವಾದದ್ದನ್ನು ಒದ್ದುಬಿಡುತ್ತವೆ.

"ನಮ್ಮ ಹೋಟ್ಲಿನ ರಿಟೈರ್ಡ್ ಗಿರಾಕಿಗಳೇ ಮಾರಾಯ! ಚಟ್ನಿ ಮೂಸಿ ವಾಪಸ್ ಕಳಿಸ್ತಾರೆ" ಎಂದಿದ್ದಳು ವನಜಾ.

ಬಾಟಲಿಯೊಳಗೆ ಗುಳ್ಳೆ ಮಾತ್ರ ಇರಕೂಡದು. ಅದಕ್ಕೆ ಅಂಟಿಕೊಂಡ ಪ್ರಾಣಿ ಮೇಯುವುದನ್ನೇ ಬಿಡುತ್ತದೆ. ಅದಕ್ಕೇ ಬಕೆಟ್ಟಿನ ನೀರೊಳಗೇ, ನಿಧಾನವಾಗಿ ಮುಚ್ಚಳ ಹಾಕಬೇಕು. ಈ ವಿದ್ಯೆಯಲ್ಲಿ ನನ್ನ ಸಮಾನರಿಲ್ಲವೆಂದು ನನಗೊಂದು ಜಂಬ.

ಒಂದು ಮಧ್ಯಾಹ್ನ ಖಾಡಿಯಲ್ಲಿ ಭರತದ ನೀರು ಏರುತ್ತಿತ್ತು. ದಡದ ಗಿಡಗಳ ಬೇರಿಗೆ ಸಿಕ್ಕಿದ ನಮ್ಮ ಬಲೆಯ ಹಗ್ಗ ಬಿಡಿಸಲು ವನಜಾ ಕೆಸರಿಗೆ ಇಳಿದಳು. ನಾನು ಜೆಟ್ಟಿಯ ಮೆಟ್ಟಿಲಲ್ಲಿದ್ದೆ, ಎರಡೂ ಕೈ ಬಕೆಟ್ಟಿನೊಳಗೆ.

"ಏ, ಕಾಲು ಬರ್ತಾ ಇಲ್ಲ ಮಾರಾಯ, ಕೈ ಕೊಡು."

"ಒಂದ್ ನಿಮಿಷ ತಡೀ ಯವ್ವಾ, ಮುಚ್ಚಳ ಹಾಕಿ ಬಂದೆ."

ತಲೆಯೆತ್ತಿದಾಗ ಕೆಸರು ಸೊಂಟಕ್ಕೆ ಬಂದಿತ್ತು. ಹೊರಬರಲು ಒದ್ದಾಡಿ ಇನ್ನಷ್ಟು ಇಳಿದಿದ್ದಳು. ನನ್ನ ಕೈ ಈಗ ಎಟುಕಲಿಲ್ಲ. ನಾನು ಕೂಗಿದ್ದಕ್ಕೆ ಮೀನುಗಾರನೊಬ್ಬ ದೋಣಿಯ ಹಲಗೆ ಹೊತ್ತು ಓಡಿಬಂದ. "ಪಾಯ್ ಹಲವೂ ನಕೋ, ಪೋರೀ!" ಕಾಲು ಆಡಿಸಬೇಡ ಎಂದು ಗದರುತ್ತಲೇ ಹಲಗೆ ಚಾಚಿ ಎಳೆದ. ಅಷ್ಟರಲ್ಲಿ ನೀರು ಅವಳ ಗಲ್ಲ ಮುಟ್ಟಿತ್ತು. ಆ ಗಲ್ಲ ನನಗೆ ಲೋಕಲ್ ರೈಲಿನ ಗದ್ದಲದಲ್ಲೂ ಕಾಣುತ್ತದೆ.

ಮೆಟ್ಟಿಲ ಮೇಲೆ ನಡುಗುತ್ತಾ ಅವಳು ಕೇಳಿದ್ದು ಒಂದೇ: "ಗುಳ್ಳೆ ಬಂತಾ?"

"ಇಲ್ಲ" ಎಂದೆ. ತಪ್ಪಾಯಿತು ಎನ್ನಲಿಲ್ಲ.

ಅವಳು ಮತ್ತೆ ಖಾಡಿಗೆ ಬರಲಿಲ್ಲ. ಓದು ಬಿಟ್ಟು ಹೋಟೆಲಿನ ಪಾರ್ಸೆಲ್ ಕಟ್ಟೆಗೆ ನಿಂತಳು. ಆ ಬಾಟಲಿಯ ಕೊಪೆಪಾಡುಗಳು ಚೆನ್ನಾಗಿ ಮೇಯ್ದಿದ್ದವು. ನನಗೆ ಒಳ್ಳೆಯ ಅಂಕವೂ ಬಂತು. ಹೋಟೆಲಿರುವುದು ಸ್ಟೇಷನ್ನಿನ ನೇರ ದಾರಿಯಲ್ಲಿ; ಅಂದಿನಿಂದ ಸುತ್ತುದಾರಿಯೇ ನನಗೆ ವಾಸಿ.

ಇವತ್ತು ನೇರ ದಾರಿ ಹಿಡಿದೆ. ವನಜಾ ಇಡ್ಲಿ ಕಟ್ಟುತ್ತಿದ್ದಳು. ತಲೆಯೆತ್ತದೆ, "ಒಂದು ನಿಮಿಷ" ಎಂದಳು. ನಿಂತೆ. ಸಾಂಬಾರು, ಮುಚ್ಚಳ, ರಬ್ಬರ್ ಬ್ಯಾಂಡು. ಎಷ್ಟು ಉದ್ದದ ನಿಮಿಷ!

ತಲೆಯೆತ್ತಿದಳು.

"ಅವತ್ತು ಮೊದಲು ಕೈ ಕೊಡಬೇಕಿತ್ತು, ವನಜಾ."

"ಹೌದು, ಕೊಡಬೇಕಿತ್ತು" ಎಂದಳು.

ನನ್ನ ಲೋಕಲ್ ತಪ್ಪಿತು. ನಾನು ಅಲ್ಲೇ ನಿಂತಿದ್ದೆ.