ಅಕ್ಕನ ಟ್ರೇಲರ್ ಹಿಂದಕ್ಕೆ ಬಂದದ್ದು

ಚಿಕ್ಕಜಾಲದ ಅಕ್ಕನ ಮನೆಯಲ್ಲಿ ಒಂದು ಮುದಿ ಹೆಣ್ಣು ಕುದುರೆ ಇದೆ. ಭಾವ ಸವಾರಿ ಕಲಿಸುವ ಶಾಲೆಯೊಂದರಲ್ಲಿ ಹನ್ನೆರಡು ವರ್ಷ ಅದರ ಮೈ ತಿಕ್ಕಿ, ಮೇವು ಹಾಕಿ ನೋಡಿಕೊಂಡಿದ್ದರು. ಅದಕ್ಕೆ ವಯಸ್ಸಾಗಿ ಶಾಲೆಯಿಂದ ಕಳಿಸುವ ಮಾತು ಬಂದಾಗ ಮನೆಗೇ ಕರೆತಂದರು. ಎರಡು ವರ್ಷದ ಹಿಂದೆ ಭಾವ ತೀರಿಕೊಂಡ ಮೇಲೆ ಅಕ್ಕನೇ ಅದರ ಪಾಲಿಗೆ ಎಲ್ಲ. ಗೊರಸಿನ ಕಾಯಿಲೆಗೆ ತಿಂಗಳಿಗೊಮ್ಮೆ ಅದನ್ನು ಹೆಬ್ಬಾಳದ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು. ಅದಕ್ಕೆಂದೇ ಅಕ್ಕ ಐವತ್ತೆರಡನೇ ವಯಸ್ಸಿನಲ್ಲಿ ಭಾವನ ಹಳೇ ಜೀಪು ಓಡಿಸಲು ಕಲಿತಳು. ಜೀಪಿನ ಹಿಂದೆ ಕುದುರೆಯ ಟ್ರೇಲರ್ ಕಟ್ಟಿಕೊಂಡು ಅವಳು ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುತ್ತಿದ್ದರೆ ಜನ ಬೈಕ್ ನಿಲ್ಲಿಸಿ ನೋಡುತ್ತಿದ್ದರು.

ಬ್ಯಾಟರಾಯನಪುರದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಒಂದು ಬೆಳಿಗ್ಗೆ ಅಕ್ಕ ಅಲ್ಲಿಗೆ ಫೋನ್ ಮಾಡಿ, ಕುದುರೆ ಟ್ರೇಲರ್ ಹತ್ತುತ್ತಲೇ ಇಲ್ಲ ಎಂದಳು. ಅವಳ ಮನೆ ಓಣಿಯ ಕೊನೆಗಿದೆ. ತಿರುಗಿಸಲು ಜಾಗವಿಲ್ಲದ್ದರಿಂದ ಮನೆಗೆ ಬರುವಾಗ ಓಣಿಯುದ್ದಕ್ಕೂ ರಿವರ್ಸಿನಲ್ಲೇ ಬರಬೇಕು.

“ಇಂದಕ್ಕೆ ತಗೊಂಡ್ರೆ ಟ್ರೇಲರ್ ಬ್ರೇಕ್ ಇಡ್ಕೊಳ್ತದೆ ಕಣೋ. ಓದ್ಸಲ ಗಾಡಿ ಎಗರಿ, ಪಾಪ, ಮಂಡಿಯೂರಿ ಬಿದ್ಬಿಡ್ತು.”

ಆ ಬಗೆಯ ಟ್ರೇಲರಿನ ಸ್ವಭಾವವೇ ಹಾಗೆ. ಜೀಪು ನಿಧಾನವಾದರೆ ಟ್ರೇಲರ್ ಅದನ್ನು ಒತ್ತುತ್ತದೆ; ಆ ಒತ್ತಡಕ್ಕೇ ಎಣ್ಣೆ ಹರಿದು ಅದರ ಬ್ರೇಕ್ ಹಿಡಿಯುತ್ತದೆ. ರಿವರ್ಸಿನಲ್ಲೂ ಅದೇ ಒತ್ತಡ ಬೀಳುವುದರಿಂದ ತಳ್ಳಿದಷ್ಟೂ ಚಕ್ರ ಬಿಗಿಯುತ್ತದೆ. ಜೀಪಿನ ರಿವರ್ಸ್ ಲೈಟಿನಿಂದ ಒಂದು ವೈರ್ ಎಳೆದು, ಎಣ್ಣೆಯ ದಾರಿ ಮುಚ್ಚುವ ಒಂದು ವಾಲ್ವಿಗೆ ಕೊಟ್ಟರೆ, ರಿವರ್ಸ್ ಗೇರ್ ಹಾಕಿದಾಗ ಮಾತ್ರ ಆ ಬ್ರೇಕ್ ಸುಮ್ಮನಿರುತ್ತದೆ.

ವಾಲ್ವ್ ಹುಡುಕಿ ತಂದು, ಒಂದು ಭಾನುವಾರ ಹೋಗಿ ಜೋಡಿಸಿದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಸೊಕ್ಕು. ಯಾವ ವೈರಿನಲ್ಲಿ ಯಾವಾಗ ಕರೆಂಟ್ ಬರುತ್ತದೆಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡದೆ, ವೈರಿನ ಬಣ್ಣ ನಂಬಿ ಕೆಲಸ ಮುಗಿಸಿದೆ. ಕುದುರೆ ಹತ್ತಿಸೋಣ ಎಂದರೆ ಅಕ್ಕ ಒಪ್ಪಲಿಲ್ಲ. ಮೊದಲು ಖಾಲಿ ಗಾಡಿ ಎಳೆದು ನೋಡುತ್ತೇನೆಂದು ಹೊರಟಳು. ನಾನು ಪಕ್ಕದಲ್ಲಿ ಕೂತೆ. ಹುಣಸಮಾರನಹಳ್ಳಿಯ ಕಡೆ ಇಳಿಜಾರಿನಲ್ಲಿ ಅವಳು ಬ್ರೇಕ್ ತುಳಿದದ್ದೇ, ಹಿಂದಿನಿಂದ ಟ್ರೇಲರ್ ಜೀಪನ್ನು ನೂಕಿಕೊಂಡೇ ಬಂತು. ಹೇಗೋ ರಸ್ತೆ ಬದಿಗೆ ನಿಲ್ಲಿಸಿದಳು. ನಾನು ಇಳಿದು ನೋಡಿದೆ. ವಾಲ್ವಿಗೆ ವೈರ್ ಎಳೆದಿದ್ದು ರಿವರ್ಸ್ ಲೈಟಿನಿಂದಲ್ಲ, ಬ್ರೇಕ್ ಲೈಟಿನಿಂದ. ನಿಲ್ಲಬೇಕಾದಾಗಲೇ ಟ್ರೇಲರಿನ ಬ್ರೇಕ್ ಇಲ್ಲದ ಹಾಗೆ ಮಾಡಿಟ್ಟಿದ್ದೆ.

ಬೈಯಲಿ ಎಂದು ಕಾದೆ. ಅಕ್ಕ ನೀರಿನ ಬಾಟಲಿ ಕೊಟ್ಟು, “ಅದ್ಕೇ ಅಲ್ವಾ ಖಾಲಿ ತಂದಿದ್ದು. ಕುಡಿ, ಆಮೇಲೆ ನಿಧಾನಕ್ಕೆ ಮಾಡು,” ಎಂದಳಷ್ಟೆ.

ಅಲ್ಲೇ ಕೂತು ಒಂದೊಂದೇ ವೈರಿಗೆ ಲ್ಯಾಂಪ್ ಹಿಡಿದು ನೋಡಿ ಸರಿಮಾಡಿದೆ. ರಿವರ್ಸ್ ಹಾಕಿದಾಗ ವಾಲ್ವ್ ಟಕ್ ಎಂದಿತು. ಮುಂದಕ್ಕೆ ಓಡಿಸಿ ಹತ್ತು ಸಲ ನಿಲ್ಲಿಸಿ ನೋಡಿದೆವು. ಹತ್ತು ಸಲವೂ ಬ್ರೇಕ್ ಹಿಡಿಯಿತು.

ಕುದುರೆ ಆ ದಿನವೂ ಹತ್ತಲಿಲ್ಲ, ಮರುದಿನವೂ ಇಲ್ಲ. ಅಕ್ಕ ನಾಲ್ಕು ದಿನ ಟ್ರೇಲರಿನೊಳಗೇ ಹುಲ್ಲು ಇಟ್ಟು ಪಕ್ಕದಲ್ಲಿ ಕೂತಿದ್ದಳಂತೆ. ಐದನೇ ದಿನ ಅದು ತಾನಾಗಿ ಹತ್ತಿತು. ಅಂದು ಅಕ್ಕ ಅದನ್ನು ಆಸ್ಪತ್ರೆಯಿಂದ ಕರೆತರುವಾಗ ನಾನು ಓಣಿಯ ಬಾಯಲ್ಲಿ ಕಾದಿದ್ದು, ಟ್ರೇಲರಿನ ಕಿಟಕಿಯೊಳಗೆ ಕೈ ಹಾಕಿ ಕುದುರೆಯ ಕತ್ತು ಸವರುತ್ತ ಜೊತೆಗೇ ನಡೆದೆ. ಅಕ್ಕ ರಿವರ್ಸ್ ಹಾಕಿದಾಗ ಅದರ ಚರ್ಮ ಅದುರಿತು. ಚಕ್ರ ಮಾತ್ರ ಎಲ್ಲೂ ಬಿಗಿಯದೆ ಉರುಳಿತು. ಅರ್ಧ ಓಣಿ ದಾಟುವಷ್ಟರಲ್ಲಿ ಕುದುರೆ ಮತ್ತೆ ಹುಲ್ಲು ಅಗಿಯತೊಡಗಿತ್ತು.

ಮನೆ ಮುಂದೆ ಎಂಜಿನ್ ಆರಿಸಿದರೂ ಅಕ್ಕ ಇಳಿಯಲಿಲ್ಲ. ಹೋಗಿ ಬಾಗಿಲು ತೆಗೆದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ನಿಮ್ ಭಾವ ಓದ್ಮೇಲೆ ಇದೂ ಕೈ ಬಿಟ್ಟೋಗುತ್ತೆ ಅಂದ್ಕೊಂಡಿದ್ದೆ ಕಣೋ.”

ಅವಳ ಕೈ ಹಿಡಿದು ಇಳಿಸಿಕೊಂಡೆ. ಆಮೇಲೆ ಇಬ್ಬರೂ ಸೇರಿ ಕುದುರೆಯನ್ನು ಇಳಿಸಿದೆವು.