ಗಂಜಿ ಲೋಕೇಶನ ಹದಿನೇಳು ಸೆಕೆಂಡು

ಮಾವಿನಕುರ್ವೆಯ ಲೋಕೇಶನನ್ನು ಕಳ್ಳರು ಎರಡು ಸಲ ದೋಚಿದರು. ಮೊದಲು ದೋಚಿದವರು ಬಂದೂಕು ಹಿಡಿದು, ಸಣ್ಣ ದೋಣಿಯಲ್ಲಿ ಬಂದು, ಉಪ್ಪುನೀರಲ್ಲಿ ತೊಯ್ದು, ತಮ್ಮ ಜೀವದ ಹಂಗು ಬಿಟ್ಟು ದೋಚಿದರು. ಏಳು ತಿಂಗಳಾದ ಮೇಲೆ ಬಿಟ್ಟೂಬಿಟ್ಟರು. ಎರಡನೆಯವರು ಹಾಸಿಗೆಯಲ್ಲಿ ಮಲಗಿಕೊಂಡೇ ಬೆರಳ ತುದಿಯಲ್ಲಿ ದೋಚಿದರು. ಅವರು ಇನ್ನೂ ಬಿಟ್ಟಿಲ್ಲ. ಹಾಗಿದ್ದೂ ಊರವರ ಬಾಯಲ್ಲಿ ಕಳ್ಳರೆನ್ನಿಸಿಕೊಂಡವರು ಮೊದಲಿನವರು ಮಾತ್ರ. ಎರಡನೆಯವರಿಗೆ ಕಲಾವಿದರೆಂದು ಹೆಸರು.

ಲೋಕೇಶ ಶರಾವತಿ ಕಡಲು ಸೇರುವಲ್ಲಿ ಮೀನುಗಾರರ ಮನೆಯಲ್ಲಿ ಹುಟ್ಟಿದವನು. ಶಾಲೆ ಏಳನೇ ಇಯತ್ತೆಗೇ ಸಾಕಾಯಿತು. ಮದುವೆಯಾಗಿ, ಮಗಳು ಚಂದನಾಳಿಗೆ ಮೂರು ತುಂಬಿದ ವರ್ಷ, ಭಟ್ಕಳದ ಪರಿಚಯದವರೊಬ್ಬರು ದುಬೈಯಲ್ಲಿ ಕೆಲಸ ಕೊಡಿಸಿದರು. ಅಲ್ಲಿಂದ ಸರಕಿನ ಹಡಗು ಹತ್ತಿದ. ಮೂರನೆಯ ಪ್ರಯಾಣದಲ್ಲಿ ಆಫ್ರಿಕಾದ ಕಡೆಯ ಕಡಲ್ಗಳ್ಳರು ಹಡಗನ್ನು ಹಿಡಿದು ತಮ್ಮ ದಂಡೆಗೆ ಒಯ್ದು ನಿಲ್ಲಿಸಿದರು.

ನಾಲ್ಕನೆಯ ತಿಂಗಳು ಕಳ್ಳರಲ್ಲೊಬ್ಬ ಮೊಬೈಲು ಹಿಡಿದುಕೊಂಡು ಬಂದ. ಒಬ್ಬೊಬ್ಬರೇ ಬಂದು ತಮ್ಮತಮ್ಮ ಭಾಷೆಯಲ್ಲಿ ಮನೆಯವರನ್ನು ಕರೆದು ಅಳಬೇಕು, ಅದನ್ನು ನೋಡಿ ಹಡಗಿನ ಕಂಪನಿ ದುಡ್ಡು ಬಿಚ್ಚಬೇಕು. ಎಂತ ಹೇಳಬೇಕೆಂದು ಮೊದಲೇ ಪಾಠ ಮಾಡಿಸಿದ್ದರು. ಉಳಿದವರೆಲ್ಲ ಪಾಠ ಒಪ್ಪಿಸಿದರು. ಲೋಕೇಶನ ಹೊಟ್ಟೆಗೆ ಎರಡು ದಿನದಿಂದ ಏನೂ ಬಿದ್ದಿರಲಿಲ್ಲ. ಬಂದೂಕಿನ ಮುಂದೆ ಕೂತವನಿಗೆ ಕಲಿತದ್ದೆಲ್ಲ ಮರೆತುಹೋಯಿತು.

"ಅವ್ವಿ, ಹಸವೆ ತಡೂಕೆ ಆಗುದಿಲ್ವೆ. ಒಂದ್ ತಾಟ ಗಂಜಿ ಹಾಕೆ. ಉಪ್ಪಿಲ್ದಿರೂ ಅಡ್ಡಿಲ್ಲ."

ಸಿಂಬಳ, ಕಣ್ಣೀರು ಎಲ್ಲ ಸೇರಿ ಹದಿನೇಳು ಸೆಕೆಂಡು.

ಆ ವಿಡಿಯೋ ಕಂಪನಿಗೆ ಹೋಗಿ, ಅಲ್ಲಿಂದ ಮಾವಿನಕುರ್ವೆಗೆ ಬಂತು. ತಾಯಿ ಬಂಗಾರಿ ಅದನ್ನು ಪಕ್ಕದ ಮನೆಯವರ ಮೊಬೈಲಿನಲ್ಲಿ ಒಂದೇ ಸಲ ನೋಡಿದಳು. ಮಗ ಬರುವ ತನಕ ಗಂಜಿಯ ತಾಟಿಗೆ ಕೈ ಹಚ್ಚಲಿಲ್ಲ. ಕೇರಿಯ ಹೆಂಗಸರು ತಮ್ಮ ಕಿವಿಯಲ್ಲಿದ್ದದ್ದನ್ನು ಬಿಚ್ಚಿ ಕೊಟ್ಟು ಅವಳನ್ನು ಮುಂಬೈಗೆ ಕಳಿಸಿದರು. ಅವಳು ಕಂಪನಿಯ ಬಾಗಿಲಲ್ಲಿ ದಿನಗಟ್ಟಲೆ ಕೂತಳು. ಟೀವಿಯವರು ಆ ಹದಿನೇಳು ಸೆಕೆಂಡನ್ನು ತೋರಿಸಿದರು, ನೋಡಿದವರು ಕಣ್ಣೊರಸಿಕೊಂಡರು. ಆಗ ಅದು ಅಳಿಸುವ ವಿಡಿಯೋ ಆಗಿತ್ತು.

ಬಿಡುಗಡೆಯಾಗಿ ಬಂದ ಲೋಕೇಶ ಮತ್ತೆ ಹಡಗಿನ ಹೆಸರೆತ್ತಲಿಲ್ಲ. ಕಾಸರಕೋಡಿನ ಬೋಟುಗಳಲ್ಲಿ ಕೂಲಿಗೆ ಹೋದ, ಮಳೆಗಾಲದಲ್ಲಿ ಬಲೆ ನೇಯ್ದ. ಬಂಗಾರಿ ತೀರಿಕೊಂಡಳು. ಹತ್ತು ಹನ್ನೆರಡು ವರ್ಷ ತಣ್ಣಗೆ ಕಳೆಯಿತು. ಆಮೇಲೆ ಬೆಂಗಳೂರಿನ ಯಾವುದೋ ನಗೆ ಚಾನೆಲಿನ ಪುಣ್ಯಾತ್ಮನಿಗೆ ಟೀವಿಯ ಹಳೆಯ ತುಣುಕು ಕಣ್ಣಿಗೆ ಬಿತ್ತು. ಅವನು ಲೋಕೇಶನ ಅಳುವನ್ನು ಕತ್ತರಿಸಿ, ಹಿಂದಿನಿಂದ ಡೋಲು ಬಾರಿಸಿ, ಮದುವೆಮನೆಯ ಊಟದ ಪಂಕ್ತಿಗೆ ಅಂಟಿಸಿದ. ಅವನದನ್ನು ಇನ್ನೊಬ್ಬ ಕದ್ದ, ಇನ್ನೊಬ್ಬನದನ್ನು ಮತ್ತೊಬ್ಬ. ಖಾಲಿ ಬಟ್ಟಲಿನ ಮುಂದೆ ಕೂತ ಬೆಕ್ಕಿನ ಬಾಯಲ್ಲೂ ಅದೇ ಮಾತು, ಸಂಬಳಕ್ಕೆ ಕಾಯುವ ಗುಮಾಸ್ತನ ಬಾಯಲ್ಲೂ ಅದೇ ಮಾತು. "ಉಪ್ಪಿಲ್ದಿರೂ ಅಡ್ಡಿಲ್ಲ" ಎನ್ನುವುದು ನಾಡಿಗೆಲ್ಲ ನಗೆಚಾಟಿಕೆಯಾಯಿತು. ಇದು ನಮ್ಮ ಲೋಕೇಶನ ದನಿ ಎಂದು ಹೊನ್ನಾವರದ ಮೀನುಪೇಟೆಯಲ್ಲಿ ಯಾರೋ ಗುರುತು ಹಿಡಿದ ದಿನದಿಂದ ಅವನು ಗಂಜಿ ಲೋಕೇಶನಾದ.

ಅವನೇನೋ ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ ಎಂದು ಸುಮ್ಮನಿದ್ದ. ಆದರೆ ಚಂದನಾ ಕುಮಟಾದಲ್ಲಿ ಕಾಲೇಜು ಸೇರಿದ್ದಳು. ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ ಅಪ್ಪನ ಅಳು ಕೇಳುತ್ತಿತ್ತು. ಮೊದಲು ಡಬ್ಬಿ ಒಯ್ಯುವುದನ್ನು ಬಿಟ್ಟಳು, ಆಮೇಲೆ ಕಾಲೇಜನ್ನೇ ಬಿಟ್ಟಳು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಆ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ಅವಳೊಬ್ಬಳೇ.

"ಅದು ಹೋದ್ರೆ ನಾ ಕಾಲೇಜಿಗೆ ಹೋತೆ," ಎಂದಳು. "ಇದ್ರೆ ಇಲ್ಲ."

ಅಷ್ಟೇ ಲೋಕೇಶನಿಗೆ ಬೇಕಾದದ್ದು. ಮಗಳು ಮತ್ತೆ ಬಸ್ಸು ಹತ್ತಬೇಕು, ಅದಕ್ಕೆ ಆ ಹದಿನೇಳು ಸೆಕೆಂಡು ಅಳಿಯಬೇಕು. ಕುಮಟಾದ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸು, ಆನ್‌ಲೈನ್ ಅರ್ಜಿ ಎಂದು ಅಂಗಡಿ ಇಟ್ಟುಕೊಂಡ ನಿತೇಶ ಅವನಿಗೆ ದೂರದ ನೆಂಟ. ಲೋಕೇಶ ಅವನ ಮುಂದೆ ಹೋಗಿ ಕೂತ.

ನಿತೇಶ ಕಂಪ್ಯೂಟರಿನಲ್ಲಿ ಹುಡುಕಿ, ವಿಡಿಯೋ ತೋರಿಸುವ ಕಂಪನಿಯ ಒಂದು ಫಾರಂ ತೆರೆದ. "ಲೋಕೇಶಣ್ಣ, ನಗಾಡ್ತ್ರು ಅಂದ್ಕಂಡ್ ಬರೆದ್ರೆ ಅವ್ರು ತಿರ್ಗಿ ಸೈತ ನೋಡುದಿಲ್ಲ. ನನ್ನ ಮಾಲು ಕದ್ದಿದ್ರು ಅಂದ್ರೆ ಮಾತ್ರ ಅಳಿಸ್ತ್ರು."

"ಕದ್ದದ್ದು ಹೌದಲ್ಲ ಮತ್ತೆ."

"ಹೌದು. ಆದ್ರೆ ಮಾಲು ಯಾರ್ದು? ಕಾನೂನಿನ ಪ್ರಕಾರ ಯಾರು ವಿಡಿಯೋ ತೆಗೆದ್ರೋ ಅವ್ರದ್ದು. ಇದ್ನ ತೆಗೆದವ್ರು ಯಾರು?"

ಲೋಕೇಶನಿಗೆ ತಕ್ಷಣ ತಿಳಿಯಲಿಲ್ಲ. ತೆಗೆದವನು ಆ ಕಡಲ್ಗಳ್ಳ. ಒಂದು ಕೈಯಲ್ಲಿ ಬಂದೂಕು, ಒಂದು ಕೈಯಲ್ಲಿ ಮೊಬೈಲು. ಲೋಕೇಶನ ಅಳುವಿಗೆ ಕಾನೂನಿನ ಯಜಮಾನ ಅವನು. ಅಳಿಸಬೇಕಾದರೆ ಅವನು ಬಂದು ಸಹಿ ಹಾಕಬೇಕು.

"ಬೇರೆ ದಾರಿ ಇಲ್ವಾ?"

"ಇದ್ದದ್ದು ಒಂದೇ. ತೆಗೆದವ ನಾನೇ ಅಂದ್ಕಂಡ್ ಟಿಕ್ ಹಾಕುದು. ಆದ್ರೆ ಅದು ಪ್ರಮಾಣ ಮಾಡ್ದಂಗೆ ಲೆಕ್ಕ. ನೀನೇ ಯೋಚ್ನೆ ಮಾಡು."

ಲೋಕೇಶ ಯೋಚನೆ ಮಾಡಿದ, ತನಗೆ ತಿಳಿದ ರೀತಿಯಲ್ಲೇ ಮಾಡಿದ. ಅವನು ಸಣ್ಣವನಿದ್ದಾಗ ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಬಲೆ ಒಬ್ಬನದಿರಬಹುದು, ದೋಣಿ ಇನ್ನೊಬ್ಬನದಿರಬಹುದು, ಎಳೆಯುವುದು ಇಡೀ ಊರು. ಹಗ್ಗಕ್ಕೆ ಕೈ ಹಚ್ಚಿದವನಿಗೆಲ್ಲ ಪಾಲು, ಮುದುಕಿಯಾದರೂ ಅಷ್ಟೇ. ನೀನು ಯಾರು ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಆ ನ್ಯಾಯದಲ್ಲಿ ನೋಡಿದರೆ ಮುಖ ತನ್ನದು, ದನಿ ತನ್ನದು, ಹಸಿವು ತನ್ನದು, ಕರೆದದ್ದು ತನ್ನ ತಾಯಿಯನ್ನು. ಹಗ್ಗ ಎಳೆದವನು ತಾನು. ಆ ಕಳ್ಳ ಮೊಬೈಲು ಹಿಡಿದದ್ದು ಬಿಟ್ಟರೆ ಮತ್ತೇನು ಮಾಡಿದ್ದಾನೆ? ಹಾಗಿರುವಾಗ ನನ್ನದು ಎಂದರೆ ಅದು ಹೇಗೆ ಸುಳ್ಳಾದೀತು?

"ಹಾಕು ಟಿಕ್," ಎಂದ. ಹೆಸರು, ಊರು ಬರೆಸಿ, ಕೆಳಗಿನ ಸಹಿಯ ಜಾಗದಲ್ಲಿ ತನ್ನ ಕೈಯಾರೆ ಅಕ್ಷರ ಒತ್ತಿ ಸಹಿ ಮಾಡಿದ. ಮನಸ್ಸಿನಲ್ಲಿ ಸಾಸಿವೆಯಷ್ಟೂ ಅಳುಕಿರಲಿಲ್ಲ. ಪಾಪದವನು, ಕಡಲಿನ ನ್ಯಾಯ ಗದ್ದೆಗೇ ನಡೆಯುವುದಿಲ್ಲ, ಕಂಪ್ಯೂಟರಿಗೆ ನಡೆಯುತ್ತದೆಯೇ?

ನಾಲ್ಕನೆಯ ದಿನ ಬೆಂಗಳೂರಿನ ಆ ನಗೆ ಚಾನೆಲಿನಿಂದಲೂ ಅದನ್ನು ಕದ್ದವರ ಕಡೆಯಿಂದಲೂ ವಿಡಿಯೋ ಮಾಯವಾಯಿತು. ಚಂದನಾ ಹುಡುಕಿ ನೋಡಿದಳು, ಸಿಗಲಿಲ್ಲ. ಮರುದಿನ ಬೆಳಿಗ್ಗೆ ತಲೆಗೆ ಹೂ ಮುಡಿದು ಕುಮಟಾದ ಬಸ್ಸಿಗೆ ಹೋದಳು, ಕೈಯಲ್ಲಿ ಡಬ್ಬಿಯೂ ಇತ್ತು. ಅವಳ ತಾಯಿ ಕುಸುಮಾ ಆ ಸಂಜೆ ಪಾಯಸ ಮಾಡಿದಳು. ಆ ಮನೆಯ ಸುಖ ಐದು ದಿನದ್ದು.

ಮಾಲು ಕಿತ್ತುಕೊಂಡರೆ ಯಾರು ಕಿತ್ತುಕೊಂಡರೆಂದು ಆ ವಿಡಿಯೋ ಕಂಪನಿ ಚಾನೆಲಿನವನಿಗೆ ತಿಳಿಸುತ್ತದಂತೆ. ಕಾಗದ ಅವನಿಗೆ ಹೋಯಿತು. ಅದರಲ್ಲಿ ಲೋಕೇಶನ ಹೆಸರು, ಊರು, ಮತ್ತು "ಈ ವಿಡಿಯೋ ತೆಗೆದವನು ನಾನೇ" ಎನ್ನುವ ಪ್ರಮಾಣ. ಅವನಿಗೆ ಹಬ್ಬವಾಯಿತು. ಕಾಗದವನ್ನು ತೋರಿಸುತ್ತಾ ಹೊಸ ವಿಡಿಯೋ ಮಾಡಿದ. ಕಡಲ್ಗಳ್ಳರು ಹಿಡಿದಿಟ್ಟದ್ದು ಹೌದಾದರೆ ಇವನೇ ವಿಡಿಯೋ ತೆಗೆದದ್ದು ಹೇಗೆ? ಅತ್ತದ್ದೆಲ್ಲ ನಾಟಕ, ಇವನೇ ಬರೆದುಕೊಟ್ಟಿದ್ದಾನೆ ನೋಡಿ ಎಂದ. ನಡುವೆ ಆ ಹದಿನೇಳು ಸೆಕೆಂಡನ್ನೂ ಮತ್ತೆ ಹಾಕಿದ. ಹಳೆಯದನ್ನು ನೋಡದವರೂ ಇದನ್ನು ನೋಡಿದರು.

ಮೊದಲು ಬಾಗಿಲಿಗೆ ಬಂದವಳು ಪಕ್ಕದ ಮನೆಯ ಹೊನ್ನಿ, ಆವತ್ತು ಕಿವಿಯದ್ದನ್ನು ಬಿಚ್ಚಿಕೊಟ್ಟವರಲ್ಲೊಬ್ಬಳು. ಅಂಗಳದಲ್ಲೇ ನಿಂತು, "ಲೋಕೇಶ, ನನ್ ಬುಗುಡಿ ನಾಟಕದ ಟಿಕೀಟಿಗೆ ಹೋತೇನೋ?" ಎಂದು ಕೇಳಿದಳು. ಬಯ್ದಿದ್ದರೆ ಒಳ್ಳೆಯದಿತ್ತು. ಅವಳು ಮೆಲ್ಲಗೆ ಕೇಳಿ, ಉತ್ತರಕ್ಕೂ ನಿಲ್ಲದೆ ಹೋದಳು. ನಿತೇಶ ಫೋನಿನಲ್ಲಿ, "ತೆಗೆದವ ನಾನಲ್ಲ ಅಂದ್ರೆ ಸುಳ್ಳು ಪ್ರಮಾಣ ಆತು, ನಾನೇ ಅಂದ್ರೆ ನಾಟಕ ಆತು. ಸುಮ್ನಿರುದೇ ಚಲೋ," ಎಂದ. ಆಮೇಲೆ ಅವನ ಫೋನು ಹತ್ತಲಿಲ್ಲ.

ಚಂದನಾ ಆ ದಿನ ಮಧ್ಯಾಹ್ನದ ಬಸ್ಸಿಗೇ ಬಂದಳು. ಲೋಕೇಶ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಎದುರಿಗೆ ನಿಂತಳು.

"ಅಪ್ಪ, ಅದ್ನ ತೆಗೆದದ್ದು ನೀನೇ ಹೌದಾ?"

"ನಾ ಅಲ್ಲ ಮಗಾ."

"ಮತ್ತೆ ಸಹಿ ಯಾರ್ದು?"

"ನಂದೇ."

ರಂಪಣಿಯ ನ್ಯಾಯವನ್ನು ಹೇಳಲು ಹೊರಟ. ನಾಲ್ಕು ಮಾತು ಆಡುವುದರೊಳಗೆ ಅದು ತನ್ನ ಕಿವಿಗೇ ಕಟ್ಟುಕತೆಯಂತೆ ಕೇಳಿ, ಬಲೆಯ ಗಂಟು ಬಿಡಿಸತೊಡಗಿದ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು, ಮೊಬೈಲಿನಲ್ಲಿ ಸಾವಿರ ಸಲ ನೋಡಿದ ಮುಖದಲ್ಲಿ ಹೊಸದೇನೋ ಹುಡುಕುವ ಹಾಗೆ. ಅವನ ಭಾಷೆಯ ಒಂದಕ್ಷರವೂ ತಿಳಿಯದ ಆ ಕಡಲ್ಗಳ್ಳರು ಸಹ ಅವನ ಮೇಲೆ ಇಂಥ ಅನುಮಾನ ಪಟ್ಟಿರಲಿಲ್ಲ.

ಚಂದನಾ ಡಬ್ಬಿಯನ್ನು ಜಗಲಿಯ ಮೇಲಿಟ್ಟಳು. ಅದರ ಮುಚ್ಚಳ ತೆಗೆದೇ ಇರಲಿಲ್ಲ.

"ಹಸವೆ ಆಗಿತ್ತು ಅಂದದ್ದಾದ್ರೂ ಖರೆಯಾ ಅಪ್ಪ?" ಎಂದು ಕೇಳಿದಳು.